ಅಳತೆ ಪುಸ್ತಕದ ಕೊನೆಯ ಹಾಳೆ

ಚಿಕ್ಕಮ್ಮನ ಎಡ ಎದೆಯನ್ನು ತೆಗೆದು ಹದಿನಾಲ್ಕು ತಿಂಗಳಾಗಿತ್ತು. ಕ್ಯಾನ್ಸರ್ ಮರಳಿದ ಸುಳಿವಿಲ್ಲ, ಬೇಕಿದ್ದರೆ ಇಂಪ್ಲಾಂಟ್ ಇಟ್ಟು ಎದೆಗೆ ಮತ್ತೆ ಆಕಾರ ಕೊಡಬಹುದು ಎಂದು ಶಿವಮೊಗ್ಗದ ಡಾಕ್ಟರಮ್ಮ ಹೇಳಿದ್ದರು. ಬೇಕೋ ಬೇಡವೋ ಎಂಬುದನ್ನು ಗುರುವಾರ ತಿಳಿಸಬೇಕಿತ್ತು.

ಚಿಕ್ಕಮ್ಮ ಬಸವಮ್ಮ ಎನ್.ಆರ್. ಪುರದ ಬಸ್‌ಸ್ಟ್ಯಾಂಡಿನ ಹಿಂದೆ ಇಪ್ಪತ್ತಾರು ವರ್ಷದಿಂದ ರವಿಕೆ ಹೊಲಿಯುತ್ತಾಳೆ. ಡಿಗ್ರಿ ಮುಗಿಸಿದ ನಾನು ಅವಳ ಅಂಗಡಿಯಲ್ಲಿ ಹುಕ್ಕು ಹಾಕುತ್ತೇನೆ. ಅವಳು ಟೇಪು ಹಿಡಿದು ಅಂಕಿ ಹೇಳುತ್ತಾಳೆ, ನಾನು ಅಳತೆ ಪುಸ್ತಕದಲ್ಲಿ ಬರೆದುಕೊಳ್ಳುತ್ತೇನೆ. ಯಾರೊಂದಿಗೂ ಹೆಚ್ಚು ಮಾತಾಡಬೇಕಿಲ್ಲ, ಅದೇ ನನಗೆ ಹಿತ.

ತನ್ನ ರವಿಕೆಯ ಎಡಕ್ಕೆ ಅವಳು ಬೂರುಗದ ಹತ್ತಿಯ ಪುಟ್ಟ ದಿಂಬು ಹೊಲಿದುಕೊಂಡಿದ್ದಳು. ಹಗುರವಾದ ಅದು ಮೇಲೇರುತ್ತಿದ್ದುದರಿಂದ ಒಳಗೆ ಒಂದು ಹಿಡಿ ಸಾಸಿವೆ ಸೇರಿಸಿದಳು. ಬಗ್ಗಿ ಬಟ್ಟೆ ಕತ್ತರಿಸುವಾಗ ಸಾಸಿವೆ ಸಣ್ಣಗೆ ಸರಿದಾಡುತ್ತಿತ್ತು. ಗಿರಾಕಿ ಸೀತಕ್ಕ ಒಮ್ಮೆ ಅದೆಂತ ಸದ್ದು ಎಂದು ಕೇಳಿದಾಗ ಚಿಕ್ಕಮ್ಮ ಮಿಷನ್ನನ್ನು ದೂರಿ, ಅದಕ್ಕೆ ಎಣ್ಣೆ ಬಿಟ್ಟಳು.

ಕೇಳಬೇಕಾದ್ದನ್ನು ಬರೆದುಕೊಂಡು ಬನ್ನಿ ಎಂದು ಡಾಕ್ಟರಮ್ಮ ಹೇಳಿದ್ದರೂ ಚಿಕ್ಕಮ್ಮ ತನಗೆ ಕೇಳುವಂಥದ್ದೇನೂ ಇಲ್ಲವೆಂದಳು. ಚಿಕ್ಕಪ್ಪ ಸೋಮಶೇಖರಪ್ಪ ಮಾತ್ರ, ಕೆಟ್ಟ ಮನಸ್ಸಿನಿಂದಲ್ಲ, ಇನ್ನೊಂದು ಆಪರೇಷನ್ನಿನ ಹೆದರಿಕೆಯಿಂದ, ಈ ವಯಸ್ಸಲ್ಲಿ ಯಾರಿಗೆ ತೋರಿಸಬೇಕಿದೆ ಎಂದುಬಿಟ್ಟರು. ಎಷ್ಟು ವರ್ಷ ಬಾಳುತ್ತದೆ, ಒಡೆದರೆ ಏನು ಗತಿ ಎಂದೆಲ್ಲ ನಾನೇ ನನ್ನ ಡೈರಿಯಲ್ಲಿ ಬರೆದೆ.

ಗುರುವಾರ ಡಾಕ್ಟರಮ್ಮನ ಎದುರು ನನ್ನ ಬ್ಯಾಗಿನಿಂದ ಹೊರಬಂದದ್ದು ಡೈರಿಯಲ್ಲ, ಅಳತೆ ಪುಸ್ತಕ. ಎರಡೂ ಒಂದೇ ಕಡೆ ಕೊಂಡ ಕೆಂಪು ಬೆನ್ನಿನ ನೋಟುಬುಕ್ಕುಗಳು. ಸುಮ್ಮನೆ ಹಾಳೆ ತಿರುವಿದೆ. ಕೊನೆಯ ಹಾಳೆಯಲ್ಲಿ ಚಿಕ್ಕಮ್ಮನದೇ ಅಕ್ಷರ, ಅವಳದೇ ಹೆಸರು. ಭುಜ, ತೋಳು, ಸೊಂಟದ ಅಳತೆ ಇತ್ತು; ಎದೆಯ ಮುಂದೆ ಖಾಲಿ. ಕೆಳಗೆ ಪೆನ್ಸಿಲ್ಲಿನ ನಾಲ್ಕು ಸಾಲು. ಓದಲೇ ಎಂಬಂತೆ ಅವಳ ಮುಖ ನೋಡಿದೆ. ಗೋಡೆ ನೋಡುತ್ತಲೇ ಹೂಂ ಎಂದು ತಲೆಯಾಡಿಸಿದಳು.

"ಮುಟ್ಟಿದರೆ ತಣ್ಣಗಿರುತ್ತಾ? ಮಿಷನ್ ಮೇಲೆ ಒರಗಬಹುದಾ? ಕಾಯಿಲೆ ಮತ್ತೆ ಬಂದರೆ ಇದು ಮುಚ್ಚಿಡುತ್ತಾ?" ಕೊನೆಯ ಸಾಲಿಗೆ ನನ್ನ ದನಿ ಇಳಿಯಿತು. "ಆಸೆ ಪಡೋದು ತಪ್ಪಾ?"

ಡಾಕ್ಟರಮ್ಮ ಅವಸರವಿಲ್ಲದೆ ಹೇಳಿದರು. ಚಳಿಗೆ ಸ್ವಲ್ಪ ತಣ್ಣಗೆನಿಸಬಹುದು, ಮುಟ್ಟಿದ್ದು ಮೊದಲಿನಂತೆ ತಿಳಿಯಲಿಕ್ಕಿಲ್ಲ. ಗಾಯ ಪೂರ್ತಿ ಮಾಗಿದ ಮೇಲೆ ಹೊಲಿಯಬಹುದು, ಒರಗಬಹುದು. ತಪಾಸಣೆಗೆ ಬರುತ್ತಲೇ ಇರಬೇಕು. ಕಾಯಿಲೆ ಮರಳಿದರೆ ಸಾಮಾನ್ಯವಾಗಿ ಇದರಿಂದ ಮರೆಯಾಗದು. ಆದರೆ ಜೀವನಪೂರ್ತಿ ಬಾಳುವ ವಸ್ತುವಲ್ಲ, ಮುಂದೊಂದು ದಿನ ಬದಲಿಸಬೇಕಾದೀತು. ನಾಲ್ಕನೆಯದಕ್ಕೆ ಪೆನ್ನು ಕೆಳಗಿಟ್ಟು, "ಇಲ್ಲಮ್ಮ" ಎಂದರು.

ಹೊರಗೆ ಬೆಂಚಿನಲ್ಲಿ ಕಾದಿದ್ದ ಚಿಕ್ಕಪ್ಪ ಏನಾಯಿತೆಂದು ಕೇಳಿದರು.

"ದಸರಾ ಹೊತ್ತಿಗೆ ಮಾಡಿಸ್ಕೊಳ್ತೀನಿ," ಎಂದಳು ಚಿಕ್ಕಮ್ಮ. "ಇಪ್ಪತ್ತಾರು ವರ್ಷ ಊರಿನ ಹೆಂಗಸರಿಗೆಲ್ಲ ಹೊಲ್ದಿದೀನಿ. ಯಾರಿಗೆ ತೋರ್ಸಕ್ಕೆ ಅಂತ ಒಬ್ಬಳನ್ನಾದ್ರೂ ಕೇಳಿದೀನಾ ಮಾರಾಯ್ರೆ?"

ಚಿಕ್ಕಪ್ಪ ಚಪ್ಪಲಿ ಮೆಟ್ಟಿ ಎದ್ದರು. "ಅಷ್ಟು ದಿನ ಅಡಿಗೆ ನಾನೇ ಮಾಡ್ತೀನಿ."

"ಅದನ್ನ ತಿನ್ನೋದು ಆಪರೇಷನ್ನಿಗಿಂತ ಕಷ್ಟ," ಎಂದು ಅವರ ಕೈಯಿಂದ ನೀರಿನ ಬಾಟಲಿ ಇಸಿದುಕೊಂಡಳು.

ಮರುದಿನ ಸೀತಕ್ಕ ಬಂದರು. ಚಿಕ್ಕಮ್ಮ ಬಟ್ಟೆಗೆ ಕತ್ತರಿ ಹಾಕಲು ಬಗ್ಗಿದಳು, ಮತ್ತದೇ ಸದ್ದು. ಸೀತಕ್ಕ ಮಿಷನ್ನಿನ ಕಡೆ ನೋಡಿದರು. ನನ್ನ ಕೈ ಎಣ್ಣೆ ಡಬ್ಬಿಗೆ ಹೋಗಿತ್ತು.

"ಅದಲ್ಲ," ಎಂದಳು ಚಿಕ್ಕಮ್ಮ, ಕತ್ತರಿ ನಿಲ್ಲಿಸದೆ. "ಸಾಸಿವೆ, ಸೀತಕ್ಕ. ದಸರಾ ತನಕ ಅಷ್ಟೇ."