ಭಾನುವಾರ ಇಳಿದ ಹತ್ತು ಮಂದಿ

ಬಳ್ಳಾರಿ ಬಸ್ಸು ಈಗ ದಾರಿಯಲ್ಲಿ ಜೀನ್ಸ್ ಕಾರ್ಖಾನೆ ಮುಂದೆ ನಿಲ್ಲುತ್ತದೆಂದರೆ ಅದು ಕುರುಗೋಡಿನ ಯಂಕಮ್ಮನ ಮೊಮ್ಮಗಳು ನಂದಿನಿಯ ಪುಣ್ಯ. ಆರು ತಿಂಗಳು ಡಿಪೋಗೆ ಅಲೆದು ಹೊಲಿಗೆ ಹೆಣ್ಣುಮಕ್ಕಳಿಗೆಲ್ಲ ಆ ಸ್ಟಾಪು ಕೊಡಿಸಿದ್ದಳು. ಇಳಿಯುವವರು ಕಡಿಮೆಯಾದರೆ ಸ್ಟಾಪು ರದ್ದು ಅಂತ ಡಿಪೋದವರು ಅಂದಿದ್ದರು. ಎಣಿಸಲು ಸಾಹೇಬರು ಭಾನುವಾರ ಬರುತ್ತಾರೆಂದು ಕಂಡಕ್ಟರ್ ಬಾಯಿಬಿಟ್ಟ. ಭಾನುವಾರ ಕಾರ್ಖಾನೆಗೆ ರಜೆ!

ಯಂಕಮ್ಮ ಓಣಿಯ ಒಂಬತ್ತು ಮುದುಕಿಯರನ್ನು ಬಸ್ಸು ಹತ್ತಿಸಿ ಅಲ್ಲಿ ತಂದಿಳಿಸಿದಳು.

"ಎಲ್ಲಿಗೆ ಹೊಂಟೀರಬೇ?" ಸಾಹೇಬರು ಕೇಳಿದರು.

"ಪ್ಯಾಂಟು ಹೊಲಿಯಾಕ್ರಿ," ಅಂದಳು ಯಂಕಮ್ಮ.

"ಸೂಜಿ ಕಣ್ಣಿಗೆ ಕಾಣತೈತೇನು?"

"ನಾವು ಗುಂಡಿ ಹಚ್ಚೋರ್ರಿ. ಕೈ ಆಡಿಸಿದ್ರ ಗೊತ್ತಾಗತೈತಿ."

ಸಾಹೇಬರು ಬೀಗ ಬಿದ್ದ ಗೇಟು ನೋಡಿದರು, ಮುದುಕಿಯರನ್ನು ನೋಡಿದರು, ನಗು ನುಂಗಿಕೊಂಡು 'ಹತ್ತು' ಅಂತ ಬರೆದುಕೊಂಡು ಅದೇ ಬಸ್ಸು ಹತ್ತಿ ಹೋದರು.

"ಈಗ ಮನಿಗಿ ಹೆಂಗ ಹೋಗಬೇಕು ಯಂಕವ್ವ?" ಬಿಸಿಲಲ್ಲಿ ನಿಂತ ಚನ್ನವೀರಮ್ಮ ಕೇಳಿದಳು.

ಯಂಕಮ್ಮ ತಲೆ ತುಂಬ ಸೆರಗು ಹೊದ್ದು ಎದೆ ಉಬ್ಬಿಸಿದಳು. "ತಿರುಗಿ ಬರೋ ಬಸ್ಸೂ ಇಲ್ಲಿ ನಿಲ್ಲಲಿ ಅಂತ ನನ್ನ ಮೊಮ್ಮಗಳು ಅರ್ಜಿ ಕೊಟ್ಟಾಳ. ಆಕಿ ಕೈಲಿ ಆಗದ್ದು ಏನೈತಿ? ಅಲ್ಲೀತನಕ ನಡೀರಿ."