ಹೆರಿಗೆ ವಾರ್ಡಿನ ಹೊಸ್ತಿಲು

ಮಾಧಾಪುರದಲ್ಲಿ ಆಗ ವಾರಕ್ಕೊಂದು ಗಾಜಿನ ಕಟ್ಟಡ ಏಳುತ್ತಿತ್ತು. ಸೋಮವಾರ ಬಂಡೆ ಇದ್ದ ಜಾಗದಲ್ಲಿ ಶನಿವಾರ ಕಂಪ್ಯೂಟರಿನವರು ಕಾಫಿ ಕುಡಿಯುತ್ತಿದ್ದರು. ಕಡಿಮೆ ಮಾಡಿಯೇ ಹೇಳುತ್ತಿದ್ದೇನೆ. ಅಂಥದ್ದೊಂದು ಕಟ್ಟಡಕ್ಕೆ ನಾನು ಬಡಿಗ. ಸೇಡಂ ಕಡೆಯ ಬಸು ಮತ್ತು ಅವನ ಹೆಂಡತಿ ಗಂಗಾ ಅಲ್ಲೇ ಇಟ್ಟಿಗೆ ಹೊರುತ್ತಿದ್ದರು.

ಗಂಗಾಳಿಗೆ ಒಂಬತ್ತು ತಿಂಗಳು ತುಂಬಿತ್ತು. ಕಾಲು ಬಾತಿದ್ದವು, ಕಣ್ಣು ಮಂಜಾಗುತ್ತಿತ್ತು. ಸರ್ಕಾರಿ ಹೆರಿಗೆ ಆಸ್ಪತ್ರೆಯ ಡಾಕ್ಟರ್ ನಲಿನಿ ಕಲಬುರಗಿ ಮೂಲದವರು. ಬಿಪಿ ನೋಡಿ ನೇರವಾಗಿ ಹೇಳಿದರು. "ಬಸ್ಸಿನಾಗ ಊರಿಗೆ ಕರ್ಕೊಂಡು ಹೋದ್ರ ದಾರ್‍ಯಾಗ ಫಿಟ್ಸ್ ಬರಬಹುದು. ತಾಯಿ, ಕೂಸು ಇಬ್ರೂ ಉಳಿಯಂಗಿಲ್ಲ. ಇಲ್ಲೇ ಹಡೀಲಿ."

ಕರೆದೊಯ್ಯಲು ಬಂದಿದ್ದ ಗಂಗಾಳ ತಾಯಿ ಗದಿಗೆಮ್ಮ ಒಪ್ಪಲಿಲ್ಲ. "ಚೊಚ್ಚಲ ಹೆರಿಗಿ ತವರಮನಿ ಹೊಸ್ತಿಲದ ಒಳಗ ಆಗಬೇಕ್ರಿ. ನಮ್ಮ ಮನಿ ಹೆಣ್ಣಮಕ್ಕಳೆಲ್ಲಾ ಅಲ್ಲೇ ಹಡದಾರ."

ಬಸು ಅತ್ತೆಯ ಎದುರು ಕೆಮ್ಮುವುದಕ್ಕೂ ಹೆದರುವವನು. ನಾನೇ ತಮಾಷೆಗೆ, "ಹಂಗಾದ್ರ ಹೊಸ್ತಿಲಾನ ಇಲ್ಲಿಗೆ ತಗೊಂಡು ಬಾ, ಚಿಗವ್ವಾ" ಅಂದೆ.

ಗದಿಗೆಮ್ಮ ನಗಲಿಲ್ಲ. "ಬಿಚ್ಚಾಕ ಬರ್ತೈತೇನು?"

ಆ ರಾತ್ರಿಯೇ ಊರಿನ ಬಸ್ಸು ಹತ್ತಿದಳು. ಮರುದಿನ ಸಂಜೆ ಮೆಹದಿಪಟ್ಟಣಂನಲ್ಲಿ ಬಸ್ಸಿನಿಂದ ಗದಿಗೆಮ್ಮನೂ ಬೇವಿನ ಹೊಸ್ತಿಲೂ ಇಳಿದರು. ಇದು ಸಾಮಾನೋ ಪ್ರಯಾಣಿಕರೋ ಎಂದು ತಾಂಡೂರಿನವರೆಗೂ ತಲೆ ಕೆಡಿಸಿಕೊಂಡ ಕಂಡಕ್ಟರ್, ಕೊನೆಗೆ ಅದಕ್ಕೆ ಹೆಂಗಸರ ಸೀಟು ಕೊಟ್ಟನಂತೆ. ಊರಲ್ಲಿ ಗದಿಗೆಮ್ಮನ ಗಂಡ ತಾನು ಮನೆಯ ಒಳಗಿದ್ದೇನೋ ಹೊರಗಿದ್ದೇನೋ ತಿಳಿಯದೆ ದಿನವಿಡೀ ನಿಂತೇ ಇದ್ದನಂತೆ.

ಹೆರಿಗೆ ವಾರ್ಡಿನ ಬಾಗಿಲಿಗೆ ಅದನ್ನು ನಾನೇ ಕೂರಿಸಿದೆ. ನರ್ಸು ತೆಲುಗಿನಲ್ಲಿ ಬೈದಳು. ನಲಿನಿ ಗಂಗಾಳ ಕಾಲು ನೋಡಿ, "ಇರ್ಲಿ ಬಿಡು" ಅಂದರು. ಗದಿಗೆಮ್ಮ ಅರಿಶಿನ ಕುಂಕುಮ ಹಚ್ಚಿ ಮಗಳನ್ನು ದಾಟಿಸಿದಳು.

"ಬಾರವ್ವಾ, ಮನಿ ಬಂತು."

ಮಾರನೇ ಮಧ್ಯಾಹ್ನ ಹೆಣ್ಣುಮಗು ಹುಟ್ಟಿತು. ನಡುವೆ ಗಂಗಾಳಿಗೆ ಫಿಟ್ಸ್ ಬಂದೇಬಿಟ್ಟಿತು. ಸೂಜಿಮದ್ದು ನಲಿನಿಯವರ ಕೈಯಲ್ಲೇ ಇತ್ತು. ತಾಯಿ, ಮಗು ಇಬ್ಬರೂ ಉಳಿದರು.

"ಬಿಪಿ ಇಳಿಯೋತನಕ ಒಂದು ವಾರ ಇರ್ಲಿ, ಅವ್ವಾ" ಎಂದರು ನಲಿನಿ.

"ವಾರಾ? ಐದು ತಿಂಗಳಾಗದ ಬಾಣಂತಿನ್ನ ತವರಿಂದ ಕಳಸ್ತಾರೇನ್ರಿ?"

"ಇದು ದವಾಖಾನಿ."

"ಹೊಸ್ತಿಲಾ ನೋಡ್ರಿ."

ನಲಿನಿ ನೋಡಿದರು. ಹೆತ್ತ ಮರುದಿನವೇ ಕೂಲಿಗೆ ಓಡುವವರನ್ನು ಹಿಡಿದು ಕೂರಿಸಿ ರೂಢಿಯಿದ್ದ ಅವರಿಗೆ ಈ ಕೇಸು ಹೊಸದು. ಚೌಕಾಸಿ ಐದು ತಿಂಗಳಿಂದ ಶುರುವಾಗಿ ಹನ್ನೊಂದು ದಿನಕ್ಕೆ ನಿಂತಿತು.

"ತವರಿಂದ ಬರಿ ಉಡಿಲೆ ಕಳಸಂಗಿಲ್ಲ ಮತ್ತ" ಅಂದಳು ಗದಿಗೆಮ್ಮ.

ಹನ್ನೆರಡನೇ ದಿನ ನಲಿನಿ ಸುಲ್ತಾನ್ ಬಜಾರಿನಿಂದ ಹಸಿರು ಖಣ ತರಿಸಿ, ಬಿಳಿ ಕೋಟಿನಲ್ಲೇ ನೆಲದ ಮೇಲೆ ಕೂತು, ಅಕ್ಕಿ, ಕೊಬ್ಬರಿ ಹಾಕಿ ಗಂಗಾಳ ಉಡಿ ತುಂಬಿದರು. ಬಳಿಕ ಬಸುವಿನ ಕಡೆ ತಿರುಗಿದರು.

"ತಿಂಗಳಿಗೊಮ್ಮೆ ಇಬ್ರನ್ನೂ ಕರ್ಕೊಂಡು ಬಂದು ತೋರಸಬೇಕು. ತಿಳೀತೋ ಇಲ್ಲೋ?"

"ಆಯ್ತ್ರಿ, ಡಾಕ್ಟರಮ್ಮಾ."

ಗದಿಗೆಮ್ಮ ಅಳಿಯನ ಬೆನ್ನಿಗೆ ತಿವಿದಳು. "ಡಾಕ್ಟರಮ್ಮ ಅಂತ ಡಾಕ್ಟರಮ್ಮ. ಅತ್ತಿ ಅನ್ನೋ."