ಯಾಕಮ್ಮನ ಪ್ರಶ್ನೆಗಳು

ಗೈಡಿನ ಹೆಂಡತಿಗೆ ಕುತೂಹಲ ಅನ್ನುವುದೇ ಇರಲಿಲ್ಲ.

ಅವಳ ಶವಪೆಟ್ಟಿಗೆಯ ಹಿಂದೆ ಚರ್ಚಿನ ಮೆಟ್ಟಿಲು ಹತ್ತುತ್ತಿದ್ದ ಗೈಡಿಗೆ ಇದು ಚೆನ್ನಾಗಿ ಗೊತ್ತಿತ್ತು. ಆದರೆ ಸುತ್ತಲಿನ ಪಿಸುಮಾತೆಲ್ಲ ಇದಕ್ಕೆ ತದ್ವಿರುದ್ಧವಾಗಿತ್ತು. ಎಂಥ ಕುತೂಹಲದ ಹೆಂಗಸು, ಈ ಹಳೇ ಊರಿನ ಒಂದು ಕಲ್ಲನ್ನೂ ಬಿಡದೆ ಕೇಳಿ ತಿಳಿದುಕೊಂಡವಳು ಎಂದು ಟಿಕೆಟ್ ಕೌಂಟರಿನವಳು ಮೂಗೊರೆಸಿಕೊಳ್ಳುತ್ತ ಹೇಳುತ್ತಿದ್ದಳು. ಊರಿನ ಗೈಡುಗಳೆಲ್ಲ ಅವಳಿಗೆ ಇಟ್ಟಿದ್ದ ಹೆಸರು ಯಾಕಮ್ಮ. ಗಂಡ ಪ್ರವಾಸಿಗರನ್ನು ಸುತ್ತಿಸುವಾಗಲೆಲ್ಲ ಅವರ ನಡುವೆ ತಾನೂ ಒಬ್ಬಳಾಗಿ ನಿಂತು, ಇದು ಯಾಕೆ ಹೀಗಿದೆ, ಅದು ಯಾಕೆ ಅಲ್ಲಿದೆ ಎಂದು ಕೇಳುತ್ತಿದ್ದವಳು.

"ಬಾವ, ಹೊಸ್ತಿಲು," ಎಂದಳು ನಾದಿನಿ, ಅವನ ತೋಳು ಹಿಡಿದುಕೊಂಡು.

ಹೆಂಡತಿ ಸತ್ತವನನ್ನು ಜನ ತಾವಾಗಿಯೇ ಕೈಹಿಡಿದು ನಡೆಸುತ್ತಾರೆ. ಅವನು ಎಡವಿದರೆ ದುಃಖ ಅನ್ನುತ್ತಾರೆ, ಎದುರಿಗೆ ನಿಂತವರನ್ನು ಗುರುತು ಹಿಡಿಯದಿದ್ದರೆ ಪಾಪ ಅನ್ನುತ್ತಾರೆ, ಚಾಚಿದ ಕೈಯನ್ನು ನೋಡದೆ ನಿಂತರೆ ತಾವೇ ಅವನ ಕೈ ಎತ್ತಿ ಹಿಡಿದುಕೊಳ್ಳುತ್ತಾರೆ. ಕಣ್ಣು ಕಾಣದವನಿಗೆ ಇದಕ್ಕಿಂತ ಅನುಕೂಲದ ದಿನ ಇನ್ನೊಂದಿಲ್ಲ.

ಗೈಡಿಗೆ ಕಣ್ಣು ಕಾಣುತ್ತಿರಲಿಲ್ಲ. ಬಾಗಿಲಿದ್ದ ಕಡೆ ಬೆಳಕು, ಜನ ನಿಂತ ಕಡೆ ನೆರಳು, ಅಷ್ಟೇ. ಇದು ಗೊತ್ತಿದ್ದದ್ದು ಇಬ್ಬರಿಗೆ, ಅವರಲ್ಲಿ ಒಬ್ಬಳು ಪೆಟ್ಟಿಗೆಯಲ್ಲಿದ್ದಳು. ಗೈಡುಗಳ ಸಂಘದ ಅಧ್ಯಕ್ಷ ಮುಂದಿನ ಸಾಲಿನಲ್ಲೇ ಕೂತಿದ್ದ. ಬಿಸಿಲಿರಲಿ ಇಲ್ಲದಿರಲಿ ಮಡಚಿದ ಕೊಡೆಯನ್ನು ಮೇಲೆತ್ತಿ ಹಿಡಿದೇ ತನ್ನ ಗುಂಪನ್ನು ನಡೆಸುತ್ತಿದ್ದದ್ದರಿಂದ ಅವನಿಗೆ ಕೊಡೆಯಣ್ಣ ಎಂದು ಹೆಸರು. ಮನುಷ್ಯ ಕೆಟ್ಟವನಲ್ಲ, ಆದರೆ ನಿಯಮ ಅಂದರೆ ನಿಯಮ. ಗೈಡಿಗೆ ಕಣ್ಣಿಲ್ಲ ಎಂದು ತಿಳಿದ ಗಳಿಗೆಯಲ್ಲೇ ಕೋಟಿನ ಮೇಲಿನ ಸಂಘದ ಬಿಲ್ಲೆ ಕಿತ್ತುಕೊಳ್ಳುತ್ತಾನೆ. ಬಿಲ್ಲೆಯಿಲ್ಲದವನನ್ನು ಯಾವ ಚರ್ಚಿನ ಬಾಗಿಲಲ್ಲೂ ಗುಂಪಿನ ಜೊತೆ ಬಿಡುವುದಿಲ್ಲ.

ಹಾಗಾಗಿ ಗೈಡ್ ಮನಸ್ಸಿನಲ್ಲೇ ಗುಣಿಸಿಕೊಂಡಿದ್ದ. ಇವತ್ತೊಂದು ದಿನ ಸಿಕ್ಕಿಬೀಳದೆ ಕಳೆಯಬೇಕು. ಆಮೇಲೆ ಅವಳಿಲ್ಲದೆಯೂ ನಡೆಯುತ್ತದೆ. ಕಾಲಿಗೆ ದಾರಿ ಗೊತ್ತು, ಬಾಯಿಗೆ ಕತೆ ಗೊತ್ತು. ನೂರಾರು ವರ್ಷದಿಂದ ಕದಲದ ಕಟ್ಟಡಗಳು, ತನಗೋಸ್ಕರ ಈಗ ಕದಲುತ್ತವೆಯೇ?

*

ಅವಳು ದೊಡ್ಡ ಹೋಟೆಲೊಂದರ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸಕ್ಕಿದ್ದಳು. ಅಲ್ಲಿನ ಉಳಿದ ಹೆಂಗಸರಿಗೆ ಅತಿಥಿಗಳ ಜೇಬು ತಡಕುವುದೇ ದಿನದ ಮನರಂಜನೆ. ಯಾರ ಜೇಬಿನಲ್ಲಿ ಯಾವ ಚೀಟಿ, ಯಾರ ಅಂಗಿಗೆ ಯಾರ ಕೂದಲು ಎಂದು ಊಟದ ಹೊತ್ತಿಗೆ ಸುದ್ದಿ ಹರಡುತ್ತಿತ್ತು. ಅವಳು ಮಾತ್ರ ಜೇಬಿನ ಒಳಮಗ್ಗುಲು ಹೊರಗೆಳೆದು, ಬಿದ್ದದ್ದನ್ನು ಡಬ್ಬಿಗೆ ಹಾಕಿ, ಮುಂದಿನ ಅಂಗಿ ಎತ್ತಿಕೊಳ್ಳುತ್ತಿದ್ದಳು. ಮದುವೆಯಾದ ಹೊಸದರಲ್ಲಿ ಗೈಡ್ ಅವಳನ್ನು ಊರಿನ ಅತಿ ದೊಡ್ಡ ಚರ್ಚಿಗೆ ಕರೆದುಕೊಂಡು ಹೋಗಿ ಬಣ್ಣದ ಗಾಜಿನ ಕಿಟಕಿಗಳನ್ನು ತೋರಿಸಿದ್ದ. "ಒರೆಸೋದು ಕಷ್ಟ," ಅಂದಿದ್ದಳು.

ಕಣ್ಣು ಮಂಜಾಗುತ್ತ ಬಂದದ್ದನ್ನು ಅವನು ಅವಳಿಗೂ ಹೇಳಿರಲಿಲ್ಲ. ಒಂದು ಮಧ್ಯಾಹ್ನ ಬುತ್ತಿ ಕೊಡಲು ಅವಳು ಚರ್ಚಿಗೆ ಬಂದಾಗ, ಅವನು ಕಂಬದ ಪಕ್ಕದ ಬಿಳಿ ಆಕೃತಿಯತ್ತ ಕೈ ತೋರಿಸಿ ಅಮೃತಶಿಲೆಯ ನುಣುಪಿನ ಬಗ್ಗೆ ಮಾತಾಡುತ್ತಿದ್ದ. ಅಮೃತಶಿಲೆ ಸೀನಿತು. ಗುಂಪಿಗೆ ಸೇರದ ಯಾರೋ ಬಿಳಿ ಕೋಟಿನ ಮುದುಕ ಅಲ್ಲಿ ಒರಗಿ ನಿಂತಿದ್ದ. ಜನ ನಗುವುದೋ ಬೇಡವೋ ಎಂದು ಒಬ್ಬರ ಮುಖ ಒಬ್ಬರು ನೋಡುತ್ತಿದ್ದಾಗ ಹಿಂದಿನಿಂದ ಅವಳ ದನಿ ಬಂತು.

"ಸಾರ್, ನಿಮ್ಮ ಎಡಗಡೆ, ಗೋಡೆಗೆ ಹತ್ತಿಕೊಂಡ ಹಾಗಿದೆಯಲ್ಲ ಸಮಾಧಿ, ಅದು ಯಾಕೆ ಅಷ್ಟು ಚಿಕ್ಕದು?"

ಎಡಗಡೆ. ಗೋಡೆ. ಸಮಾಧಿ. ಅವನು ಎಡಕ್ಕೆ ತಿರುಗಿ, ಆ ಊರಿನ ಪುಟ್ಟ ರಾಜಕುಮಾರಿಯ ಕತೆ ಶುರುಮಾಡಿದ. ಗುಂಪು ಅವನ ಜೊತೆ ತಿರುಗಿತು. ಮುದುಕನ ಸೀನು ಅಲ್ಲಿಗೆ ಮರೆತುಹೋಯಿತು.

ಆಮೇಲೆ ಅವಳು ಹೋಟೆಲಿನ ಕೆಲಸವನ್ನು ರಾತ್ರಿ ಪಾಳಿಗೆ ಬದಲಾಯಿಸಿಕೊಂಡಳು. ನಾಲ್ಕು ಚರ್ಚು ಮತ್ತು ಒಂದು ಮಠ, ಇದು ಅವನ ಸುತ್ತು. ಐದೂ ಕಡೆ ಅವಳು ಅವನ ಹಿಂದಿರುತ್ತಿದ್ದಳು. ಮೆಟ್ಟಿಲು ಯಾಕೆ ಇಷ್ಟು ಎತ್ತರ ಎಂದರೆ ಮುಂದೆ ಮೆಟ್ಟಿಲಿದೆ. ಇವತ್ತು ಇಷ್ಟೊಂದು ಜನ ಯಾಕೆ ಎಂದರೆ ಇನ್ನೊಂದು ಗುಂಪು ಅಡ್ಡ ನಿಂತಿದೆ. ದೀಪ ಯಾಕೆ ಹಚ್ಚಿಲ್ಲ ಎಂದರೆ ನೀನು ಗೋಡೆಯ ಕಡೆ ಮುಖ ಮಾಡಿ ಮಾತಾಡುತ್ತಿದ್ದೀಯ, ಈ ಕಡೆ ತಿರುಗು. ಉತ್ತರವನ್ನು ಅವಳು ಒಂದು ದಿನವೂ ಕೇಳಿಸಿಕೊಂಡವಳಲ್ಲ. ಮನೆಗೆ ಬಂದು ಕಾಲು ನೀಡಿ ಕೂತರೆ, ಆ ಚರ್ಚು ಕಟ್ಟಿದ್ದು ಯಾರು ಎಂದು ಕೇಳಿದರೂ ಅವಳಿಗೆ ಗೊತ್ತಿರುತ್ತಿರಲಿಲ್ಲ.

*

"ನಾವೆಲ್ಲ ಅಂದ್ಕೊಂಡಿದ್ದೇ ಬೇರೆ," ಮೇಣದಬತ್ತಿ ಮಾರುವವಳು ಹಿಂದಿನ ಸಾಲಿನಿಂದ ನಾದಿನಿಯ ಕಿವಿಯ ಹತ್ತಿರ ಬಾಗಿದಳು. "ಗಂಡನ ಮೇಲೆ ಅನುಮಾನ ಇರಬೇಕು, ಪ್ರವಾಸಿ ಹೆಂಗಸರ ಮುಂದೆ ಎಲ್ಲಿ ಹಲ್ಲು ಕಿರೀತಾನೋ ಅಂತ ಹಿಂದೇನೇ ಬರ್ತಾಳೆ ಅಂತ."

"ಅನುಮಾನ ಹುಟ್ಟೋಕೂ ಏನಾದ್ರೂ ತಿಳ್ಕೋಬೇಕು ಅನ್ಸಬೇಕಲ್ಲ," ಎಂದಳು ನಾದಿನಿ. "ನನ್ನ ಮದುವೆ ಗೊತ್ತಾದಾಗ ಹುಡುಗನ ಹೆಸರೂ ಕೇಳಲಿಲ್ಲ ನಮ್ಮಕ್ಕ. ಇಲ್ಲಿ ಬಂದ್ರೆ ಮಾತ್ರ ಅದೇನಾಗ್ತಿತ್ತೋ. ನನಗೂ ಅರ್ಥವಾಗಿಲ್ಲ."

ಮಾತು ಇನ್ನೂ ಹತ್ತಿರ ಬರುವ ಮೊದಲೇ ಗೈಡ್ ಕೆಮ್ಮಿದ. ಅಳು ಬಂತೆಂದು ತಿಳಿದು ಮೂವರು ಬೆನ್ನು ಸವರಿದರು.

ಪಾದ್ರಿಯ ಪ್ರಾರ್ಥನೆ ಮುಗಿಯುತ್ತ ಬಂದಿತ್ತು. ಇನ್ನು ಉಳಿದದ್ದು ಪೆಟ್ಟಿಗೆ ಎತ್ತುವುದು, ಹಿಂದೆ ನಡೆಯುವುದು, ಒಂದು ಹಿಡಿ ಮಣ್ಣು. ಅಷ್ಟರಲ್ಲಿ ಕೊಡೆಯಣ್ಣ ಎದ್ದು ನಿಂತ. ಯಾಕಮ್ಮನಿಗೆ ಹೂವು ತಂದು ಏನು ಮಾಡುವುದು, ಅವಳ ಗಂಡ ಈ ಚರ್ಚಿನ ವಿಷಯ ಹೇಳುತ್ತಿದ್ದರೆ ಬಾಯಿ ಬಿಟ್ಟುಕೊಂಡು ನಿಲ್ಲುತ್ತಿದ್ದ ಹೆಂಗಸು, ಕೊನೆಯದಾಗಿ ಒಂದು ಸಲ ಅವಳಿಗೆ ಅದನ್ನೇ ಹೇಳಿಬಿಡಲಿ ಎಂದ. ಜನ ತಲೆದೂಗಿದರು.

ಆಗುವುದಿಲ್ಲ ಎಂದು ತಲೆಯಾಡಿಸಿದ್ದರೆ ಸಾಕಿತ್ತು. ಯಾರೂ ಬಲವಂತ ಮಾಡುತ್ತಿರಲಿಲ್ಲ.

*

ಅವಳು ಹಾಸಿಗೆ ಹಿಡಿಯುವುದಕ್ಕೆ ಸ್ವಲ್ಪ ಮೊದಲು, ಇದೇ ಚರ್ಚಿನಲ್ಲಿ, ಎಡಗಡೆಯ ಗೂಡಿನಲ್ಲಿದ್ದ ಮರದ ಸಂತನ ಮುಂದೆ ಗುಂಪು ನಿಂತಿತ್ತು. ಒಂದೇ ದಿಮ್ಮಿಯಲ್ಲಿ ಕೊರೆದದ್ದು, ಕೊರೆದವನ ಹೆಸರು ಗೊತ್ತಿಲ್ಲ, ಕಿರುಬೆರಳು ಮುರಿದಿದೆ ಎಂದು ಅವನು ಹೇಳಿ ಮುಗಿಸಿದಾಗ ಅವಳು ಕೇಳಿದಳು.

"ಇವನು ಯಾರನ್ನ ನೋಡ್ತಿದ್ದಾನೆ?"

ಗೈಡ್ ಎತ್ತಿದ ಕಾಲನ್ನು ಹಾಗೇ ನಿಲ್ಲಿಸಿದ. ಇದು ಯಾವ ಸುಳಿವು? ಮೆಟ್ಟಿಲೋ, ಜನವೋ, ಯಾರಾದರೂ ತನ್ನನ್ನು ದಿಟ್ಟಿಸುತ್ತಿದ್ದಾರೋ? ಎಲ್ಲರನ್ನೂ ನೋಡುತ್ತಿದ್ದಾನೆ ಎಂದು ಏನೋ ತೇಲಿಸಿ, ಇಡೀ ಗುಂಪನ್ನು ಗೋಡೆಗುಂಟ ಹೊರಗೆ ಕರೆದುಕೊಂಡು ಬಂದ. ಮನೆಗೆ ಬಂದು ಜೋರು ಮಾಡಿದ. ಸುಳಿವಿಲ್ಲದ ಪ್ರಶ್ನೆ ಯಾಕೆ ಕೇಳಿದೆ, ಅಲ್ಲೇನು ಅಡ್ಡ ಇತ್ತು?

"ಏನೂ ಇರಲಿಲ್ಲ," ಅಂದಳು. "ಸುಮ್ನೆ ಕೇಳಿದೆ."

ಸುಮ್ಮನೆ ಕೇಳಿದ್ದು! ಅವನಿಗೆ ತಲೆಬುಡ ತಿಳಿಯಲಿಲ್ಲ. ಆಸ್ಪತ್ರೆಯಲ್ಲಿ ಅವಳ ಪಕ್ಕ ಕೂತಿದ್ದಾಗಲೆಲ್ಲ ಇದೇ ಕೊರೆಯುತ್ತಿತ್ತು. ಕಣ್ಣು ಚೆನ್ನಾಗಿದ್ದ ಕಾಲದಲ್ಲಿ ಆ ಸಂತನನ್ನು ದಿನವೂ ಜನರಿಗೆ ತೋರಿಸಿದ್ದ. ಬೆರಳು ನೆನಪಿದೆ, ಅಂಗಿಯ ನೆರಿಗೆ ನೆನಪಿದೆ. ಕಣ್ಣು ಎತ್ತ ಇತ್ತು ಎಂಬುದು ಮಾತ್ರ ಎಷ್ಟು ತಿಣುಕಿದರೂ ನೆನಪಾಗಲಿಲ್ಲ. ಅವಳನ್ನೇ ಕೇಳೋಣವೆಂದರೆ ಅಷ್ಟರಲ್ಲಿ ಅವಳ ಮಾತು ನಿಂತಿತ್ತು. ಕೊನೆಗೆ ತಾನೇ ಒಂದು ಉತ್ತರ ಕಟ್ಟಿಕೊಂಡ. ಹೇಳುವುದಕ್ಕೆ ಅವಳು ಉಳಿಯಲಿಲ್ಲ.

*

ಅವನು ನಾದಿನಿಯ ಕೈ ಬಿಡಿಸಿಕೊಂಡು ಎದ್ದ. ಬೆಂಚಿನ ಅಂಚು ಸವರದೆ, ಯಾರನ್ನೂ ತಾಕದೆ, ಪೆಟ್ಟಿಗೆಯನ್ನು ಬಳಸಿಕೊಂಡು ಎಡಗಡೆಯ ಗೂಡಿನ ಮುಂದೆ ಹೋಗಿ ನಿಂತು ಜನರ ಕಡೆ ತಿರುಗಿದ. ಕಾಲು ಮೋಸಮಾಡಲಿಲ್ಲ.

"ಈ ಸಂತ ಯಾರನ್ನ ನೋಡ್ತಿದ್ದಾನೆ ಅಂತ ನನ್ನ ಹೆಂಡತಿ ಒಂದ್ಸಲ ಕೇಳಿದ್ಲು," ಎಂದ. "ನಾನು ಸರಿಯಾಗಿ ಹೇಳಲಿಲ್ಲ. ಅವನ ಕಣ್ಣು ನೋಡಿ. ನೇರ ಬಾಗಿಲ ಕಡೆಗಿದೆ. ಒಳಗೆ ಬಂದು ಕೂತವರು ಅವನಿಗೆ ಬೇಕಾಗಿಲ್ಲ. ತಡವಾಗಿ ಬರೋರು ಯಾರಾದ್ರೂ ಇದಾರಾ ಅಂತ ನೋಡ್ತಿದ್ದಾನೆ."

ಇಡೀ ಚರ್ಚು ಸದ್ದಿಲ್ಲದೆ ನಿಂತಿತು. ಮಾತು ಮನಸ್ಸಿಗೆ ನಾಟಿತೆಂದುಕೊಂಡು ಅವನು ಮುಂದುವರಿದ. ಕೈಯೆತ್ತಿ ಹಣೆಯ ಗೆರೆ ತೋರಿಸಿದ, ಅಂಗಿಯ ನೆರಿಗೆ ತೋರಿಸಿದ, ಮುರಿದ ಕಿರುಬೆರಳಿನ ಜಾಗವನ್ನು ಗಾಳಿಯಲ್ಲಿ ಗುರುತಿಸಿದ. ಯಾರೋ ಗಂಟಲು ಸರಿಮಾಡಿಕೊಂಡರು. ಮೂವತ್ತು ವರ್ಷ ಗುಂಪುಗಳ ಮುಂದೆ ನಿಂತವನಿಗೆ ಆ ಸದ್ದಿನ ಅರ್ಥ ಸ್ವಲ್ಪ ಸ್ವಲ್ಪವಾಗಿ ಇಳಿಯತೊಡಗಿತು.

"ಬಾವ," ನಾದಿನಿ ಹತ್ತಿರ ಬಂದಿದ್ದಳು. "ಅಲ್ಲಿ ಯಾರೂ ಇಲ್ಲ. ಪೊರಕೆ, ಬಕೆಟ್ ಇಟ್ಟಿದ್ದಾರೆ."

ಪಾದ್ರಿ ಕಸಿವಿಸಿಯಿಂದ ವಿವರಿಸಿದರು. ಸಂತನ ಬೆನ್ನಿಗೆ ಗೆದ್ದಲು ಹಿಡಿದಿತ್ತು, ಅವಳು ಆಸ್ಪತ್ರೆಯಲ್ಲಿದ್ದಾಗಲೇ ರಿಪೇರಿಗೆ ಕಳಿಸಿದ್ದಾಯಿತು, ಗೂಡು ಖಾಲಿ ಇದೆಯೆಂದು ಗುಡಿಸುವವಳು ತನ್ನ ಸಾಮಾನು ಇಟ್ಟುಕೊಂಡಿದ್ದಾಳೆ. ಅವರ ಮಾತು ಮುಗಿಯುವ ಮೊದಲೇ ನಾದಿನಿ ಅಕ್ಕನ ಪೆಟ್ಟಿಗೆಯನ್ನೂ ಬಾವನ ಮುಖವನ್ನೂ ನೋಡಿ, "ಅಯ್ಯೋ, ಅದಕ್ಕಾ ಕೇಳ್ತಿದ್ದಿದ್ದು," ಅಂದಳು. ಮೆಲ್ಲಗೇ ಅಂದದ್ದು. ಕಲ್ಲಿನ ಕಟ್ಟಡದಲ್ಲಿ ಎಲ್ಲರಿಗೂ ಕೇಳಿಸಿತು.

ಗೈಡ್ ಜಾಗ ಬಿಟ್ಟು ಕದಲಲಿಲ್ಲ.

"ಹಾಗಾದ್ರೆ ಅವನು ಎಲ್ಲಿ ನೋಡ್ತಿದ್ದ ಫಾದರ್?" ಎಂದ.

ಪಾದ್ರಿ ಯೋಚಿಸಿದರು. ತಲೆ ತಗ್ಗಿಸಿ ನೆಲ ನೋಡುತ್ತಿದ್ದ ಎಂದು ತಮ್ಮ ನೆನಪು ಅಂದರು. ಮೇಣದಬತ್ತಿ ಮಾರುವವಳು ಛೆ ಛೆ ಅಂದಳು. ನೆಲ ಅಲ್ಲವೇ ಅಲ್ಲ, ಮೇಲೆ, ತೊಲೆಯ ಕಡೆ. ಟಿಕೆಟ್ ಕೌಂಟರಿನವಳು ಕಣ್ಣು ಮುಚ್ಚಿದ್ದ ಎಂದಳು. ಪೆಟ್ಟಿಗೆ ಹೊರಲು ಬಂದವರೂ ಒಂದು ಗಳಿಗೆ ಗೂಡಿನತ್ತ ಕತ್ತು ಚಾಚಿದರು, ಪೊರಕೆಯನ್ನು ನೋಡಿದರೆ ತಿಳಿಯುತ್ತದೆ ಅನ್ನುವ ಹಾಗೆ.

"ಕೊಡೆಯಣ್ಣ, ನೀನು ಹೇಳು."

ಅಧ್ಯಕ್ಷ ಉತ್ತರ ಕೊಟ್ಟ. "ನಾನು ತೋರಿಸಿದೀನಿ. ನೋಡಿಲ್ಲ."

ಪೆಟ್ಟಿಗೆ ಎತ್ತಿದರು. ಕೊಡೆಯಣ್ಣನೇ ಬಂದು ಗೈಡಿನ ಇನ್ನೊಂದು ತೋಳು ಹಿಡಿದುಕೊಂಡ. ಈ ಸಲ ಹಿಡಿತ ಬೇರೆಯಾಗಿತ್ತು. ದುಃಖದವನನ್ನು ಹಿಡಿಯುವಂತಲ್ಲ, ಕುರುಡನನ್ನು ಹಿಡಿಯುವಂತೆ. ಬಾಗಿಲ ಬೆಳಕು ಮುಖಕ್ಕೆ ಬಿದ್ದಾಗ ಕೊಡೆಯಣ್ಣ ತಗ್ಗಿದ ದನಿಯಲ್ಲಿ, ಬಿಲ್ಲೆಗೆ ಇವತ್ತೇನೂ ಅವಸರವಿಲ್ಲ, ಸೋಮವಾರ ಆಫೀಸಿಗೆ ತಂದುಕೊಟ್ಟರಾಯಿತು ಎಂದ.

"ಆಫೀಸು ಹುಡುಕ್ಕೊಂಡು ಹೇಗೆ ಬರಲಿ?" ಎಂದು ಗೈಡ್ ಕೋಟಿನ ಪಿನ್ನು ಬಿಚ್ಚಿ ಬಿಲ್ಲೆಯನ್ನು ಅವನ ಅಂಗೈಗೆ ಹಾಕಿದ.

ಆ ದಿನ ಅವನ ಕೈ ಬಿಟ್ಟುಹೋದದ್ದು ನಾಲ್ಕು ಚರ್ಚು, ಒಂದು ಮಠ, ಒಬ್ಬಳು ಹೆಂಡತಿ. ಮರದ ಸಂತನನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ, ಅವನು ರಿಪೇರಿಯಾಗಿ ಬರುತ್ತಾನೆ.